ದೆವ್ವದ ಸಿನಿಮಾ ಮೊದಲಿನ ಹಾಗೆ ಉಳಿದಿಲ್ಲವೇ?

ಪರ: ಈಗಿನ ದೆವ್ವಕ್ಕೆ ತಾಳ್ಮೆಯೇ ಇಲ್ಲ

ಮಾಲೂರು ಹತ್ತಿರದ ನಮ್ಮ ಹಳ್ಳಿಯಿಂದ ಟೂರಿಂಗ್ ಟಾಕೀಸ್ ಎರಡು ಮೈಲಿ. ಸಂಜೆ ಸ್ಪೀಕರಿನಲ್ಲಿ ಘಂಟಸಾಲ ಅವರ 'ನಮೋ ವೆಂಕಟೇಶ' ಕೇಳಿಸಿದರೆ ಟಿಕೆಟ್ ಶುರುವಾಯಿತು ಅಂತ ಅರ್ಥ. ಬಾಯಿಗೆ ತುರುಕಿಕೊಂಡ ಮುದ್ದೆ ನುಂಗುತ್ತಲೇ ಓಡುತ್ತಿದ್ದೆವು.

'ನಾ ನಿನ್ನ ಬಿಡಲಾರೆ' ಬಿಡುಗಡೆಯಾದದ್ದು 1979ರಲ್ಲಿ. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ನಾನು ಎಸ್ಸೆಸ್ಸೆಲ್ಸಿ. ರೀಲಿನ ತುಂಬ ಗೀರು, ಪರದೆ ಮೇಲೆ ಮಳೆ ಸುರಿದ ಹಾಗೆ. ಅನಂತನಾಗ್ ಮೈಮೇಲೆ ಹೆಣ್ಣುದೆವ್ವ ಬಂದಿದೆ. ನೋಟ ಬದಲಾಯಿತು, ನಿಂತ ಭಂಗಿ ಬದಲಾಯಿತು. ಅಷ್ಟರಲ್ಲಿ ರೀಲು ಮುಗಿಯಿತು. ಟೆಂಟಿನಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬಿಚ್ಚಿ ಇನ್ನೊಂದು ಏರಿಸುವವರೆಗೆ ಕಾಯಬೇಕು. ಬೇರೆ ದಿನ ಆಗಿದ್ದರೆ ಶಿಳ್ಳೆ, ಬೈಗುಳ. ಅವತ್ತು ಮರಳ ಮೇಲೆ ಕೂತವರು ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಕಡ್ಲೆಕಾಯಿ ಮಾರುವವನೂ ಕೂಗಲಿಲ್ಲ. ಆ ಐದು ನಿಮಿಷ ನಮ್ಮ ತಲೆಯಲ್ಲಿ ಓಡಿದ ಸಿನಿಮಾವನ್ನು ಯಾವ ನಿರ್ದೇಶಕನೂ ತೆಗೆಯಲಾರ.

ವಾಪಸ್ ಬರುವ ದಾರಿ ಕೆರೆ ಏರಿಯ ಮೇಲೆ, ಆಮೇಲೆ ಹುಣಸೆ ತೋಪು. ಬೆಂಕಿ ಕಂಡರೆ ದೆವ್ವ ಹತ್ತಿರ ಸುಳಿಯಲ್ಲ ಅಂತ ಚಿಕ್ಕಪ್ಪ ಒಂದರ ಹಿಂದೆ ಒಂದು ಬೀಡಿ ಹಚ್ಚಿದರು. ಮನೆ ಮುಟ್ಟುವಷ್ಟರಲ್ಲಿ ಕಟ್ಟು ಖಾಲಿ. ಆ ವರ್ಷ ನಾನು ಹುಣಸೆಕಾಯಿ ಕದಿಯಲು ತೋಪಿನ ಕಡೆ ಹೋಗಲೇ ಇಲ್ಲ.

ಈಗ ಏನಾಗಿದೆ? ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೇ ಧಡಾರ್ ಅಂತ ಸದ್ದು. ಕನ್ನಡಿಯಲ್ಲಿ ಮುಖ. ಮತ್ತೆ ಧಡಾರ್. ಕೊನೆಗೆ ನೋಡಿದರೆ ಅದು ಬೆಕ್ಕು. ಹಿಂದಿನಿಂದ ಬಂದು ಯಾರಾದರೂ 'ಭೋ' ಅಂದರೆ ನಾನೂ ಹಾರುತ್ತೇನೆ. ಬೆಚ್ಚುವುದೇ ಬೇರೆ, ಹೆದರುವುದೇ ಬೇರೆ. ಬೆಚ್ಚಿದವನು ಮರುಕ್ಷಣ ನಗುತ್ತಾನೆ. ಹೆದರಿದವನು ರಾತ್ರಿ ನೀರು ಕುಡಿಯಲು ಏಳುವುದಿಲ್ಲ. ಈಗಿನವರಿಗೆ ಬೆಚ್ಚಿಸುವುದು ಮಾತ್ರ ಗೊತ್ತು, ಅದೂ ಸ್ಪೀಕರ್ ನಂಬಿಕೊಂಡು.

ಹೋದ ವರ್ಷ ಮಗಳು, ಅಳಿಯ ಬೆಂಗಳೂರಿನ ಮಾಲ್ ಒಂದಕ್ಕೆ ಕರೆದುಕೊಂಡು ಹೋಗಿದ್ದರು. ಎರಡು ಗಂಟೆ ಕಿರುಚಾಟ. ಹೊರಗೆ ಬಂದ ಕೂಡಲೇ ಕಾರು ಯಾವ ಮಹಡಿಯಲ್ಲಿ ನಿಲ್ಲಿಸಿದ್ದು ಅಂತ ಇಬ್ಬರಿಗೂ ಜಗಳ. ಆಮೇಲೆ ಊಟ ಎಲ್ಲಿ ಅಂತ ಚರ್ಚೆ. ಭಯ ಪಾರ್ಕಿಂಗ್‌ವರೆಗೂ ನಮ್ಮ ಜೊತೆ ಬರಲಿಲ್ಲ.

ಇನ್ನು ದೆವ್ವ ಕುಣಿಯುವ, ಜೋಕು ಹೊಡೆಯುವ ಸಿನಿಮಾಗಳು. ಅವುಗಳ ಬಗ್ಗೆ ನಾನು ಬರೆಯುವುದಿಲ್ಲ.

2004ರ 'ಆಪ್ತಮಿತ್ರ' ಹೊಸದಲ್ಲವೇ ಅಂತ ಯಾರಾದರೂ ಕೇಳಬಹುದು. ಅದರ ಮೂಲ ಮಲಯಾಳಂ ಸಿನಿಮಾ 1993ರದ್ದು. ಹಾಗಾಗಿ ಅದು ಹಳೆಯ ಲೆಕ್ಕಕ್ಕೇ ಸೇರಬೇಕು. ಸೌಂದರ್ಯ ನಮ್ಮ ಮುಳಬಾಗಿಲು ಕಡೆಯ ಹೆಣ್ಣುಮಗಳು. ಆ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಕೋಲಾರದ ಥಿಯೇಟರಿನಲ್ಲಿ ಆಕೆ ಕಣ್ಣು ಅಗಲಿಸಿ ನಮ್ಮ ಕಡೆ ತಿರುಗಿದಾಗ ನನ್ನ ಪಕ್ಕದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಹೆದರಿಕೆಗೋ, ಸಂಕಟಕ್ಕೋ. ನನಗೂ ಗಂಟಲು ಕಟ್ಟಿತ್ತು. ಆಮೇಲೆ ಅಂಥದ್ದೊಂದು ನನಗೆ ಸಿಕ್ಕಿಲ್ಲ.

ವಿರೋಧ: ಒಳ್ಳೆಯವೂ ಬರುತ್ತಿವೆ ಮೇಷ್ಟ್ರೇ

ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಹೇಳಿಕೊಟ್ಟವರು. ಅವರ ವಿರುದ್ಧ ಬರೆಯಬೇಕು ಅಂದಾಗ ಬೇರೆ ಯಾರೂ ಸಿಗಲಿಲ್ವಾ ಅಂತ ಕೇಳಿದೆ. ಸಿಗಲಿಲ್ಲವಂತೆ.

ಅವರ ವಾದ ಇಷ್ಟೇ: ಆಗ ಬೀದಿಯಲ್ಲಿ ದೀಪ ಇರಲಿಲ್ಲ, ಆದ್ದರಿಂದ ಸಿನಿಮಾ ಚೆನ್ನಾಗಿತ್ತು. ಆ ಲೆಕ್ಕದಲ್ಲಿ ಪ್ರಶಸ್ತಿ ಕೊಡಬೇಕಾದ್ದು ಹುಣಸೆ ತೋಪಿಗೆ. 2004ರಲ್ಲಿ ಬಂದ ಸಿನಿಮಾವನ್ನು 1993ಕ್ಕೆ ಸೇರಿಸಿದ್ದಾರೆ. ನಾವು ಹೀಗೆ ಉತ್ತರ ಬರೆದಿದ್ದರೆ ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಹಳೆಯವೆಲ್ಲ ಚೆನ್ನಾಗಿದ್ದವು ಅನಿಸುವುದು ಕೆಟ್ಟವು ಮರೆತು ಹೋಗಿರುವುದರಿಂದ. ರಬ್ಬರ್ ಮುಖವಾಡ ಹಾಕಿಕೊಂಡ ದೆವ್ವಗಳು ಆಗಲೂ ರಾಶಿ ರಾಶಿ ಬಂದವು. ಈಗಲೂ ಕೆಟ್ಟವು ಬರುತ್ತವೆ, ಜಾಸ್ತಿಯೇ ಬರುತ್ತವೆ, ಒಪ್ಪಿದೆ. ಆದರೆ 'ರಂಗಿತರಂಗ' 2015ರದ್ದು. 'ತುಂಬಾಡ್' 2018ರಲ್ಲಿ ಬಂದು, 2024ರಲ್ಲಿ ಮತ್ತೆ ಬಿಡುಗಡೆಯಾಗಿ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು. ಮಲಯಾಳಂನ 'ಭ್ರಮಯುಗಂ' ಬಂದದ್ದು 2024ರಲ್ಲಿ, ಪೂರ್ತಿ ಕಪ್ಪು ಬಿಳುಪು. ಅಮೆರಿಕದ 'ಗೆಟ್ ಔಟ್' 2017ರದ್ದು, ಚಿತ್ರಕಥೆಗೆ ಆಸ್ಕರ್ ಬಂತು. ಇವು ಇರುವಾಗ ಕೆಟ್ಟಿದೆ ಅಂತ ಹೇಗೆ ಹೇಳುವುದು?

ದೆವ್ವ ಜೋಕು ಹೊಡೆಯಬಾರದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಶ್ರೀನಿವಾಸಪುರ ಕಡೆ ನಮ್ಮಜ್ಜಿ ಮನೆಯ ಬಾಗಿಲ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿತ್ತು. ದೆವ್ವ ಬಂದು, ಓದಿ, ವಾಪಸ್ ಹೋಗಿ, ಮಾರನೇ ದಿನ ಮತ್ತೆ ಬಂದು ಅದನ್ನೇ ಓದಬೇಕು. ಅಜ್ಜಿಗೆ ದೆವ್ವದ ಭಯವೂ ಇತ್ತು, ಅದನ್ನು ಯಾಮಾರಿಸಿದ ಖುಷಿಯೂ ಇತ್ತು. ಸಾಲದವನಿಗೂ ಅದನ್ನೇ ತೋರಿಸುತ್ತಿದ್ದಳು. 2018ರ ಹಿಂದಿ 'ಸ್ತ್ರೀ'ಯಲ್ಲಿ ಗೋಡೆ ಮೇಲೆ ಬರೆಯುವುದು ಇದನ್ನೇ, ಹಿಂದಿಯಲ್ಲಿ. ಜನ ನಕ್ಕರು, ಹೆದರಿದರು.

ಸದ್ದಿನ ವಿಷಯ ಹೇಳಿದ್ದಾರೆ. ವಾಲ್ಯೂಮ್ ಕಮ್ಮಿ ಮಾಡಿಕೊಳ್ಳಬಹುದು.

'ಭ್ರಮಯುಗಂ' ನಾನು ನೋಡಿದ್ದು ಮೊಬೈಲಿನಲ್ಲಿ, ಹೊದಿಕೆಯೊಳಗೆ. ಹೆದರಿಕೆ ಆದಾಗಲೆಲ್ಲ ನಿಲ್ಲಿಸಿ ವಾಟ್ಸಾಪ್ ನೋಡುತ್ತಿದ್ದೆ. ಮೇಷ್ಟ್ರ ಟೆಂಟಿನಲ್ಲಿ ಈ ಸವಲತ್ತು ಇರಲಿಲ್ಲ. ಹಾಗಾಗಿ ಮುಗಿಸಲು ಮೂರು ದಿನ ಹಿಡಿಯಿತು. ಮೂರನೇ ರಾತ್ರಿ ಕೊನೆಯವರೆಗೂ ನೋಡಿ, ಬಚ್ಚಲಿಗೆ ಹೋಗಲು ಅಮ್ಮನನ್ನು ಎಬ್ಬಿಸಿದೆ. ನನಗೆ ಮೂವತ್ತೊಂದು ವರ್ಷ.