ಪಕ್ಕದಂಗಡಿ ಇಲ್ಲದ ವ್ಯಾಪಾರ

ನಮ್ಮ ರಸ್ತೆಗೆ ಇನ್ನೊಂದು ದರ್ಶಿನಿ ಬಂದಿದೆ. ಎಲ್ಲಿ ಅಂತೀರಾ? ಹಳೇ ದರ್ಶಿನಿಯ ಎದುರಿಗೇ. ಹಳೆಯದರ ಮಗ್ಗುಲಲ್ಲಿ ಮತ್ತೊಂದು ಮೊದಲೇ ಇತ್ತು. ಮೂರರಲ್ಲೂ ಅದೇ ಇಡ್ಲಿ, ಅದೇ ಖಾಲಿ ದೋಸೆ, ಅದೇ ಪುಟ್ಟ ಲೋಟದ ಕಾಫಿ. ತಿನ್ನುವವರು ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತಿರುತ್ತಾರೆ. ನಡೆಯುವವರು ರಸ್ತೆಗಿಳಿದು ಬೈಕಿನವರಿಂದ ಬೈಸಿಕೊಳ್ಳುತ್ತಾರೆ. ‘ಇಷ್ಟು ದೊಡ್ಡ ಬೆಂಗಳೂರಲ್ಲಿ ಇವರಿಗೆ ಬೇರೆ ಜಾಗ ಸಿಗಲಿಲ್ವಾ?’ ಅಂತ ಎಲ್ಲರೂ ಗೊಣಗುತ್ತಾರೆ. ಗೊಣಗಿ, ಹೊಸದರ ಚಟ್ನಿ ಹೇಗಿದೆ ನೋಡೋಣ ಅಂತ ಒಳಗೆ ಹೋಗುತ್ತಾರೆ.

ಗುಟ್ಟು ಅಷ್ಟೇ. ಒಂದೇ ಹೋಟೆಲ್ ಇದ್ದರೆ ಗಿರಾಕಿಗೆ ಅನುಮಾನ. ಮೂರಿದ್ದರೆ ಧೈರ್ಯ. ಒಂದರಲ್ಲಿ ರಶ್ ಇದ್ದರೆ ಇನ್ನೊಂದು. ಸಜ್ಜನ್ ರಾವ್ ಸರ್ಕಲ್ ಪಕ್ಕದ ತಿಂಡಿ ಬೀದಿಗೆ ಯಾರೂ ಇಂಥದೇ ಅಂಗಡಿ ಅಂತ ಹೋಗುವುದಿಲ್ಲ. ಬೀದಿಗೆ ಹೋಗುತ್ತಾರೆ. ಹೊಟ್ಟೆ ಆಮೇಲೆ ತೀರ್ಮಾನ ಮಾಡುತ್ತದೆ.

ಎಸ್‌.ಪಿ. ರೋಡಿಗೆ ಹೋಗಿ ಯಾವುದಾದರೂ ಓಬೀರಾಯನ ಕಾಲದ ಲ್ಯಾಪ್‌ಟಾಪಿನ ಚಾರ್ಜರ್ ಕೇಳಿ ನೋಡಿ. ‘ಇದೆ ಸಾರ್, ಐದ್ನಿಮಿಷ ಕೂತ್ಕೊಳಿ’ ಅನ್ನುತ್ತಾರೆ. ಇರುವುದಿಲ್ಲ. ಹುಡುಗನೊಬ್ಬ ಓಡಿಹೋಗಿ ಮೂರನೇ ಅಂಗಡಿಯಿಂದ ತರುತ್ತಾನೆ. ಚಿಕ್ಕಪೇಟೆಯಲ್ಲಿ ಸೀರೆಗಳ ಗುಡ್ಡೆ ಬೀಳಿಸಿ ‘ಪಕ್ಕದಲ್ಲಿ ನೋಡ್ಕೊಂಡು ಬರ್ತೀವಿ’ ಅಂತ ಎದ್ದರೂ ಅಂಗಡಿಯವರಿಗೆ ಸಿಟ್ಟಿಲ್ಲ. ಪಕ್ಕದ ಅಂಗಡಿಯಲ್ಲಿ ಗುಡ್ಡೆ ಬೀಳಿಸಿ ಎದ್ದವರು ಇಲ್ಲಿಗೇ ಬರುತ್ತಿರುತ್ತಾರಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞರೊಬ್ಬರು 1929ರಲ್ಲೇ ಇದಕ್ಕೆ ಲೆಕ್ಕ ಹಾಕಿ ತೋರಿಸಿದ್ದರು. ಹೆಸರು ಹೆರಾಲ್ಡ್ ಹೋಟೆಲಿಂಗ್. ನಾನಿಟ್ಟ ಹೆಸರಲ್ಲ. ಉದ್ದನೆಯ ಬೀದಿ, ಇಬ್ಬರು ವ್ಯಾಪಾರಿಗಳು. ಅವನ ಗಿರಾಕಿಯನ್ನು ಎಳೆಯಲು ಇವನು ಒಂದು ಹೆಜ್ಜೆ ಅತ್ತ, ಇವನ ಗಿರಾಕಿಗಾಗಿ ಅವನು ಒಂದು ಹೆಜ್ಜೆ ಇತ್ತ. ಕೊನೆಗೆ ಇಬ್ಬರೂ ಬೀದಿಯ ನಟ್ಟನಡುವೆ ಮೈಗೆ ಮೈ ತಾಗಿಸಿ ಕೂರುತ್ತಾರೆ. ಅವರ ದೇಶದ ಎರಡು ಪಕ್ಷಗಳೂ ಹೀಗೇ ಒಂದೇ ಥರ ಆಗುತ್ತವೆ ಅಂತ ಅದೇ ಬರಹದಲ್ಲಿ ಬರೆದಿದ್ದರು. ಪಾಪ, ಅವರು ಬಿಡದಿ ನೋಡಿರಲಿಲ್ಲ.

ಬಿಡದಿಯಲ್ಲಿ ತಟ್ಟೆ ಇಡ್ಲಿ ಹೋಟೆಲುಗಳು ಸಾಲಾಗಿವೆ. ಅದೇ ಬಿಡದಿ ಹತ್ತಿರದ ರೆಸಾರ್ಟಿನಲ್ಲಿ 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಸಾಲಾಗಿ ತಂಗಿದ್ದರು. ಮರುವರ್ಷ ನಮ್ಮ ಕಾಂಗ್ರೆಸ್ಸಿನವರ ಸರದಿ. 2019ರಲ್ಲಿ ಮತ್ತೆ ಅವರೇ. ಇಡ್ಲಿಯವರು ಒಟ್ಟಿಗಿರುವುದು ಗಿರಾಕಿ ಬರಲಿ ಅಂತ. ಶಾಸಕರನ್ನು ಒಟ್ಟಿಗಿಟ್ಟಿದ್ದು ಗಿರಾಕಿ ಬಾರದಿರಲಿ ಅಂತ. 2019ರ ಸಲ ಅಲ್ಲೇ ಹೊಡೆದಾಟವಾಗಿ ಒಬ್ಬ ಶಾಸಕರು ಆಸ್ಪತ್ರೆ ಸೇರಿದರು. ಇಡ್ಲಿಯವರು ಇಷ್ಟು ವರ್ಷ ಅಕ್ಕಪಕ್ಕ ಬದುಕುತ್ತಿದ್ದಾರೆ, ಯಾರ ತಲೆಯೂ ಒಡೆದ ಸುದ್ದಿ ನಾನು ಓದಿಲ್ಲ.

ಇರಲಿ, ಬೆಂಗಳೂರಿಗೆ ವಾಪಸ್ ಬರೋಣ. ಕೆಂಪೇಗೌಡರ ಪೇಟೆಯಲ್ಲಿ ಇದೆಲ್ಲ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಬಳೆಗೆ ಬಳೇಪೇಟೆ, ಗಾಣಿಗರಿಗೆ ಗಾಣಿಗರಪೇಟೆ. ಇವತ್ತಿಗೂ ಅಲ್ಲಿ ಮದುವೆ ಪತ್ರಿಕೆಗೆ ಒಂದು ಗಲ್ಲಿ, ಪಾತ್ರೆಗೆ ಒಂದು ಗಲ್ಲಿ.

ಈಗ ನಮ್ಮ ಹತ್ತಿರ, ಎಲ್ಲಿ ಮನೆ ಎಲ್ಲಿ ಅಂಗಡಿ ಅಂತ ಹೇಳುವ ಮಾಸ್ಟರ್ ಪ್ಲಾನ್ ಇದೆ. 2015ರವರೆಗೆಂದು ಮಾಡಿದ್ದು. 2031ಕ್ಕೆಂದು ಮಾಡಿದ ಕರಡನ್ನು 2020ರಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಯಾವ ಹೋಟೆಲಿನವನಾದರೂ 2015ರ ಸಾಂಬಾರನ್ನು ಬಿಸಿ ಮಾಡಿ ಬಡಿಸಿದರೆ ಬಿಡ್ತೀವಾ? ಹಾಗಾಗಿ ಮನೆಗಳ ಬೀದಿಗೆ ಪಬ್ಬು ಬಂದರೆ ಯಾರನ್ನು ಕೇಳಬೇಕು ಅನ್ನುವುದು ಪಬ್ಬಿನವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಊರಿನ ನಕ್ಷೆ ಬರೆಯುತ್ತಿರುವುದು ದೋಸೆ ಭಟ್ಟರು. ಅವರ ಕೆಲಸ ಪರವಾಗಿಲ್ಲ, ಕನಿಷ್ಠ ಜನ ಎಲ್ಲಿ ಓಡಾಡುತ್ತಾರೆ ಅಂತ ನೋಡಿಯಾದರೂ ಬರೆಯುತ್ತಾರೆ.

ಸರ್ಕಾರಕ್ಕೂ ಕೊನೆಗೆ ಬುದ್ಧಿ ಬಂತು ಅಂದುಕೊಂಡೆ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಮುಚ್ಚಿ ಐದು ತೆರೆದರು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಆಹಾ, ಒಂದೇ ಊರಲ್ಲಿ ಐದು ಅಂಗಡಿ! ಇನ್ನು ಪೈಪೋಟಿ ನೋಡಿ ಅಂತ ಕಾದು ಕೂತೆ. ಉತ್ತರದವರು ಕಸ ಎತ್ತಲಿಲ್ಲ ಅಂದರೆ ‘ಪಶ್ಚಿಮದಲ್ಲಿ ನೋಡ್ಕೊಂಡು ಬರ್ತೀವಿ’ ಅನ್ನಬಹುದಲ್ಲ? ಅನ್ನುವ ಹಾಗಿಲ್ಲ. ನಿಮ್ಮ ಮನೆ ಯಾವ ದಿಕ್ಕಿಗಿದೆಯೋ ಅದೇ ನಿಮ್ಮ ಅಂಗಡಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಕೊಡುತ್ತಾ ಬಂದಿದ್ದಾರಲ್ಲ, ವ್ಯಾಪಾರ ಬುದ್ಧಿ ಅಲ್ಲಿಗೆ ಮುಗಿಯಿತು.

ನಗು ಸಾಕು. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಆ ಪಾಲಿಕೆ ಕಣ್ಣು ಮುಚ್ಚುವವರೆಗೂ ಒಂದು ಚುನಾವಣೆ ನಡೆಸಲಿಲ್ಲ. ಮೂರೂ ಪಕ್ಷಗಳು ಈ ಮಧ್ಯೆ ವಿಧಾನಸಭೆಗೆ ವೋಟು ಕೇಳಿದವು, ಲೋಕಸಭೆಗೆ ಕೇಳಿದವು. ವಾರ್ಡಿಗೆ ಮಾತ್ರ ಯಾರಿಗೂ ಅವಸರ ಇರಲಿಲ್ಲ. ಐದು ವರ್ಷ ಈ ಊರಿನ ಜನ ಚರಂಡಿಗೆ, ಬೀದಿ ದೀಪಕ್ಕೆ ಅಧಿಕಾರಿಗಳ ಬಾಗಿಲು ಕಾದರು. ಅವರನ್ನು ನಾವು ಆರಿಸಿರಲಿಲ್ಲ. ಬೇಡ ಅಂತ ಕಳಿಸುವ ಹಾಗೂ ಇರಲಿಲ್ಲ. ಇಡ್ಲಿ ಗಟ್ಟಿಯಾದರೆ ಎದ್ದು ರಸ್ತೆ ದಾಟುವ ಹಕ್ಕಿರುವ ಊರಲ್ಲಿ, ಆ ರಸ್ತೆಗೆ ಟಾರು ಹಾಕುವವರನ್ನು ಬದಲಿಸುವ ಹಕ್ಕನ್ನು ಅಷ್ಟು ವರ್ಷ ಕಿತ್ತಿಟ್ಟುಕೊಂಡವರು ಇವತ್ತಿಗೂ ಒಂದು ಕ್ಷಮೆ ಕೇಳಿಲ್ಲ.