ಸಹಿ ಹಾಕಿದವನೇ ಜಾಣ

ಸರ್ಕಾರಿ ನೌಕರ ತರಬೇತಿಯಲ್ಲಿ ಏನೂ ಕಲಿಯುವುದಿಲ್ಲ ಎನ್ನುವುದು ಶುದ್ಧ ಅಪಪ್ರಚಾರ. ಮೊದಲ ಅರ್ಧ ಗಂಟೆಯಲ್ಲೇ ಅವನು ಬೇಕಾದದ್ದನ್ನೆಲ್ಲ ಕಲಿತಿರುತ್ತಾನೆ: ಹಾಜರಿ ಹಾಳೆ ಯಾವ ಮೇಜಿನ ಮೇಲಿದೆ, ಮಧ್ಯಾಹ್ನದ ಸಹಿ ಎಷ್ಟು ಗಂಟೆಗೆ, ಪ್ರಮಾಣಪತ್ರ ಯಾವಾಗ ಕೊಡುತ್ತಾರೆ, ಭತ್ಯೆಯ ಬಿಲ್ಲಿಗೆ ಅದರ ಎಷ್ಟು ಪ್ರತಿ ಲಗತ್ತಿಸಬೇಕು. ಉಳಿದದ್ದು ಪರದೆಯ ಮೇಲೆ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ.

ಯಾರನ್ನು ಕಳಿಸಬೇಕು ಎನ್ನುವಲ್ಲೇ ಕಚೇರಿಯ ಕೈಚಳಕ ಕಾಣುತ್ತದೆ. ಪತ್ರ ಬರುವುದು ಹಿಂದಿನ ದಿನ ಸಂಜೆ. ಹೊಸ ತಂತ್ರಾಂಶದ ಜೊತೆ ದಿನವೂ ಒದ್ದಾಡುವವರನ್ನು ಕಳಿಸಿದರೆ ಅವರ ಟೇಬಲಿನ ಕೆಲಸ ನಿಲ್ಲುತ್ತದೆ. ಹಾಗಾಗಿ ಯಾರು ಹೋದರೆ ಕಚೇರಿಗೆ ಗೊತ್ತೇ ಆಗುವುದಿಲ್ಲವೋ ಅವರ ಹೆಸರು ಪಟ್ಟಿಗೆ ಏರುತ್ತದೆ. ನಿವೃತ್ತಿಗೆ ಮೂರು ತಿಂಗಳಿರುವ ಹಿರಿಯರು ಈ ಅರ್ಥದಲ್ಲಿ ಬಹುಶ್ರುತರು. ಅವರು ಹೋಗದ ತರಬೇತಿಯೇ ಇಲ್ಲ.

ವಿಕ್ಟರ್ ವ್ರೂಮ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲಿ ಪ್ರೇರಣೆಗೊಂದು ಲೆಕ್ಕ ಕೊಟ್ಟ. ಪ್ರಯತ್ನಪಟ್ಟರೆ ಕೈಗೂಡುತ್ತದೆಯೇ, ಕೈಗೂಡಿದರೆ ಏನಾದರೂ ಸಿಗುತ್ತದೆಯೇ, ಸಿಗುವುದು ನನಗೆ ಬೇಕಾದದ್ದೇ? ಈ ಮೂರನ್ನು ಕೂಡಿಸುವುದಲ್ಲ, ಗುಣಿಸಬೇಕು. ಎಲ್ಲೋ ಒಂದು ಸೊನ್ನೆ ಬಿದ್ದರೆ ಉತ್ತರವೇ ಸೊನ್ನೆ. ನೌಕರ ಈ ಲೆಕ್ಕವನ್ನು ಕೂತಲ್ಲೇ ಬಾಯಲ್ಲಿ ಮಾಡಿ ಮುಗಿಸುತ್ತಾನೆ. ಬಡ್ತಿ ಬರುವುದು ಜ್ಯೇಷ್ಠತಾ ಪಟ್ಟಿಯಿಂದ. ಗೈರುಹಾಜರಾದರೆ ನೋಟಿಸು ಬರುತ್ತದೆ, ಕಲಿಯದಿದ್ದರೆ ಏನೂ ಬರುವುದಿಲ್ಲ. ಅಂದ ಮೇಲೆ ಕುರ್ಚಿಗೆ ಮೈ ಬೇಕು, ಮನಸ್ಸಿನ ಅಗತ್ಯವಿಲ್ಲ. ತರಬೇತಿ ಸಂಸ್ಥೆ ಇದಕ್ಕೆ ಮದ್ದಾಗಿ ಒಬ್ಬ ಪ್ರೇರಣಾ ಭಾಷಣಕಾರರನ್ನು ಕರೆಸುತ್ತದೆ. ಅವರು ಹದ್ದಿನ ಚಿತ್ರ ತೋರಿಸಿ, ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ಸೊನ್ನೆಯನ್ನು ನೂರರಿಂದ ಗುಣಿಸುವ ಪ್ರಯತ್ನ.

ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮರೆತುಹೋಗುತ್ತದೆ ಎಂದು 1885ರಲ್ಲಿ ತೋರಿಸಿದ. ದಿನಗಳ ಅಂತರ ಬಿಟ್ಟು ಓದಿದರೆ ಹೆಚ್ಚು ಉಳಿಯುತ್ತದೆ ಎಂದೂ ಕಂಡುಕೊಂಡ. ನಮ್ಮ ಪಠ್ಯಕ್ರಮದವರು ಅವನಿಂದ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನಷ್ಟೇ ತೆಗೆದುಕೊಂಡರು. ಅಂತರ ಬಿಟ್ಟುಹೋಯಿತು. ಇಡೀ ನಿಯಮಾವಳಿ ಒಂದೇ ಮಧ್ಯಾಹ್ನ, ಊಟವಾದ ಮೇಲೆ, ಸ್ಲೈಡಿಗೆ ಇಪ್ಪತ್ತು ಸಾಲಿನಂತೆ. ಉಪನ್ಯಾಸಕರು ಅದನ್ನೇ ಗಟ್ಟಿಯಾಗಿ ಓದುತ್ತಾರೆ, ನೌಕರರಿಗೆ ಓದಲು ಬರುವುದಿಲ್ಲವೇನೋ ಎಂಬ ಕಾಳಜಿಯಿಂದ.

ಆನ್‌ಲೈನ್ ತರಬೇತಿಯಲ್ಲಿ ಇಷ್ಟೂ ಕಷ್ಟವಿಲ್ಲ. ವಿಡಿಯೊವನ್ನು ಮುಂದಕ್ಕೆ ಓಡಿಸಲು ಬಿಡುವುದಿಲ್ಲ, ಆದರೆ ಧ್ವನಿ ಮುಚ್ಚಲು ಅಡ್ಡಿಯಿಲ್ಲ. ಪರೀಕ್ಷೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಪ್ರಶ್ನೆಗಳು ಅವೇ. ಬಲ್ಲವರ ಸೂತ್ರ: ಎಲ್ಲಕ್ಕಿಂತ ಉದ್ದವಾದ ಆಯ್ಕೆಯೇ ಸರಿ ಉತ್ತರ. ಪ್ರಶ್ನೆ ತೆಗೆದವರು ಸರಿಯಾದದ್ದನ್ನು ನಿಯಮದ ಪುಸ್ತಕದಿಂದ ಇಡಿಯಾಗಿ ಎತ್ತಿರುತ್ತಾರೆ, ತಪ್ಪು ಮೂರನ್ನು ತಾವೇ ಹೊಸೆಯಬೇಕಾದ್ದರಿಂದ ಬೇಗ ಸುಸ್ತಾಗಿರುತ್ತಾರೆ.

ತರಬೇತಿಯ ಫಲ ಅಳೆಯಲು ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಲು ಶುರುಮಾಡಿದ್ದ: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಬಳಸಿದ್ದರಿಂದ ಏನಾದರೂ ಸುಧಾರಿಸಿತೇ. ಇಲಾಖೆಗಳು ಮೊದಲನೇ ಮೆಟ್ಟಿಲಲ್ಲೇ ಚಾಪೆ ಹಾಸಿವೆ. ಅಭಿಪ್ರಾಯದ ಫಾರಂ ತುಂಬಿ ಕೊಟ್ಟವರಿಗೆ ಮಾತ್ರ ಪ್ರಮಾಣಪತ್ರವಾದ್ದರಿಂದ ಎಲ್ಲರ ಅಭಿಪ್ರಾಯವೂ ‘ಅತ್ಯುತ್ತಮ’. ಸಲಹೆಗಳ ಕಾಲಂನಲ್ಲಿ ಫ್ಯಾನಿನ ವಿಚಾರವಿರುತ್ತದೆ.

ಕಲಿತದ್ದು ಉಳಿಯುವುದೂ ಅಳಿಯುವುದೂ ಮರಳಿದ ಮೊದಲ ವಾರದಲ್ಲಿ. ಅಂದು ಮೇಲಧಿಕಾರಿ ‘ಏನು ಕಲಿತಿರಿ, ಈ ಕಡತದಲ್ಲೇ ಮಾಡಿ ತೋರಿಸಿ’ ಎಂದರೆ ಅರ್ಧ ಕೆಲಸ ಆದಂತೆ. ಅವರು ಕೇಳುವುದು ‘ಮೂರು ದಿನದ ಟಪಾಲು ಹಾಗೇ ಬಿದ್ದಿದೆಯಲ್ರೀ?’ ಅಂತ. ಹೊಸ ತಂತ್ರಾಂಶ ತೆರೆಯೋಣವೆಂದರೆ ಲಾಗಿನ್ ಇಲ್ಲ, ಅದಕ್ಕೆ ಬೇರೆ ಪ್ರಸ್ತಾವನೆ ಹೋಗಬೇಕು, ಪ್ರಮಾಣಪತ್ರದ ಪ್ರತಿಯೊಂದಿಗೆ. ಪ್ರಸ್ತಾವನೆ ಎರಡು ಸಲ ಆಕ್ಷೇಪಣೆ ಹೊತ್ತು ವಾಪಸಾಗಿ, ನಾಲ್ಕನೇ ತಿಂಗಳಿಗೆ ಲಾಗಿನ್ ಮಂಜೂರಾಗುತ್ತದೆ, ತರಬೇತಿ ಪಡೆದವರ ಹೆಸರಿನಲ್ಲೇ. ಹಿರಿಯರಿಗೆ ಹೋದ ತಿಂಗಳಷ್ಟೇ ಬೀಳ್ಕೊಡುಗೆ ಆಗಿದೆ.