ಹಲ್ಲೇ ಚಾಡಿ ಹೇಳಿದರೆ

ನಮ್ಮ ಮನೆಯಲ್ಲಿ ಈಗ ಊಟಕ್ಕೆ ಮುಂಚೆ ತಟ್ಟೆಗೆ ಫೋಟೊ ತೆಗೆಯುವ ಶಾಸ್ತ್ರ ಶುರುವಾಗಿದೆ. ತಿಂದದ್ದನ್ನು ಅಳೆಯುವ ಆ್ಯಪ್, ನಾನೇ ಹಾಕಿಕೊಂಡದ್ದು. ತಟ್ಟೆಯ ಪಕ್ಕ ಕಪ್ಪು ಬಿಳುಪು ಚೌಕುಳಿಯ ಒಂದು ಕಾರ್ಡ್ ಇಡಬೇಕು. ಅದನ್ನು ಅಳತೆಗೋಲು ಮಾಡಿಕೊಂಡು ತಟ್ಟೆಯ ಮೇಲಿನ ಗುಡ್ಡ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕುತ್ತದಂತೆ. ತಿನ್ನುವ ಮುಂಚೆ ಒಂದು ಫೋಟೊ, ತಿಂದ ಮೇಲೆ ಇನ್ನೊಂದು.

"ಈಗಲಾದರೂ ತಿನ್ನಬಹುದಾ ಅಪ್ಪಾ?" ಅಂದಳು ಮಗಳು.

"ತಡಿಯಮ್ಮಾ, ನೆರಳು ಬಿದ್ದಿದೆ."

ನೆರಳು ಸರಿಹೋಗುವಷ್ಟರಲ್ಲಿ ಊಟ ಆರಿತ್ತು. ಆ್ಯಪ್ ಮಾತ್ರ ಉತ್ಸಾಹದಲ್ಲಿತ್ತು. ತಟ್ಟೆಯ ಅಂಚಿನಲ್ಲಿದ್ದ ನನ್ನ ಹೆಬ್ಬೆರಳನ್ನೂ ತಿಂಡಿ ಅಂತಲೇ ಎಣಿಸಿ ಅದಕ್ಕೂ ಕ್ಯಾಲರಿ ಕಟ್ಟಿತ್ತು. ಅಡುಗೆಗೆ ಸುರಿದ ಎಣ್ಣೆ ಅದಕ್ಕೆ ಕಾಣಿಸಲಿಲ್ಲ. ಒಂದು ಗ್ರಾಂ ಪಿಷ್ಟಕ್ಕೆ 4 ಕ್ಯಾಲರಿಯಾದರೆ ಒಂದು ಗ್ರಾಂ ಕೊಬ್ಬಿಗೆ 9. ಅಂದರೆ ಎಲ್ಲಕ್ಕಿಂತ ಭಾರದ್ದೇ ತಪ್ಪಿಸಿಕೊಂಡು, ಹೆಬ್ಬೆರಳು ಸಿಕ್ಕಿಬಿತ್ತು.

ಈ ಹುಚ್ಚು ಹೊಸದೇನಲ್ಲ. ಇಟಲಿಯ ವೈದ್ಯ ಸಾಂಟೋರಿಯೊ ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರಲ್ಲೇ ಕೂತು ಉಣ್ಣುತ್ತಿದ್ದ. ತಿಂದದ್ದನ್ನೂ ತೂಗಿದ, ಹೊರಗೆ ಹೋದದ್ದನ್ನೂ ತೂಗಿದ. ಹೀಗೇ ಸುಮಾರು ಮೂವತ್ತು ವರ್ಷ! 1614ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಗೊತ್ತುಮಾಡಿಕೊಂಡಷ್ಟು ತಿಂದ ಕೂಡಲೇ ಕುರ್ಚಿ ಕೆಳಗೆ ಇಳಿಯುತ್ತಿತ್ತು. ಪುಣ್ಯಾತ್ಮ ಸದ್ಯ ಕುರ್ಚಿಯನ್ನು ಮಾತ್ರ ನೇತುಹಾಕಿದ.

ಈಗಿನವರು ಹಾಗಲ್ಲ, ಸೀದಾ ಬಾಯಿಗೇ ಕೈ ಹಾಕಿದ್ದಾರೆ. 2013ರಲ್ಲಿ ಒಂದು ಫೋರ್ಕ್ ಬಂತು. ಬೇಗ ಬೇಗ ತಿಂದರೆ ಕೈಯಲ್ಲೇ ಗಡಗಡ ನಡುಗುತ್ತದೆ. ತಿನ್ನುವವರು ಹೆದರಬೇಕೋ, ಫೋರ್ಕೇ ಹೆದರಿತೋ, ತಿಳಿಯದು. 2018ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಹಲ್ಲಿಗೆ ಅಂಟಿಸುವ ಸೆನ್ಸರ್ ಮಾಡಿದರು. ಉದ್ದಗಲ ಎರಡೆರಡೇ ಮಿಲಿಮೀಟರ್. ಬಾಯಿಗೆ ಬಂದ ಗ್ಲೂಕೋಸ್, ಉಪ್ಪು, ಮದ್ಯ ಎಲ್ಲವನ್ನೂ ಗುರುತಿಸಿ ಹೊರಗೆ ಸುದ್ದಿ ಮುಟ್ಟಿಸುತ್ತದೆ. ನೆರೆಹೊರೆಯವರು ಚಾಡಿ ಹೇಳಿದರೆ ಜಗಳ ಆಡಬಹುದು. ಹಲ್ಲಿನ ಜೊತೆ ಏನಂತ ಆಡೋದು?

ಇಷ್ಟೆಲ್ಲ ಯಾಕೆ ಅಂದರೆ, ತಿಂದದ್ದನ್ನು ಬರೆದುಕೊಡಿ ಅಂದರೆ ನಾವು ಸುಳ್ಳು ಬರೆಯುತ್ತೇವೆ. ಇದು ಪತ್ತೆಯಾದದ್ದು ಕ್ಯಾಮೆರಾದಿಂದಲ್ಲ, ಮೂತ್ರದಿಂದ. ಮಾಮೂಲಿಗಿಂತ ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಇರುವ ನೀರು ಕುಡಿಸಿ ಒಂದೆರಡು ವಾರ ಮೂತ್ರ ಪರೀಕ್ಷಿಸಿದರೆ ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಅಂತ ಗೊತ್ತಾಗುತ್ತದೆ. ತೂಕ ಏರದೆ ಇಳಿಯದೆ ಇದ್ದರೆ ತಿಂದದ್ದೂ ಅಷ್ಟೇ ಇರಬೇಕು. ಡೈರಿಯಲ್ಲಿ ಬರೆದದ್ದು ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಡೈರಿಯ ಪ್ರಕಾರ ಅರ್ಧ ಜನ ಸೊರಗಿ ಸೊರಗಿ ಎಂದೋ ಮಾಯವಾಗಿರಬೇಕಿತ್ತು.

ನಿಜ ಬರೆದರೂ ಲೆಕ್ಕ ಸರಿ ಬರುತ್ತದಾ? ಒಂದು ಹಿಡಿ ಬಾದಾಮಿಗೆ, ಅಂದರೆ 28 ಗ್ರಾಮಿಗೆ, ಸುಮಾರು 170 ಕ್ಯಾಲರಿ ಅಂತ ಎಣಿಸುತ್ತಿದ್ದರು. ಅದರಲ್ಲಿ ಮೈಗೆ ದಕ್ಕುವುದು 129 ಮಾತ್ರ ಅಂತ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಕಂಡುಕೊಂಡರು. ಮಿಕ್ಕದ್ದು ಸುಮ್ನೆ ತನ್ನ ದಾರಿ ಹಿಡಿದು ಹೊರಗೆ ಹೋಗುತ್ತದೆ. ಸಾಂಟೋರಿಯೊ ಎರಡೂ ಕಡೆ ತೂಗಿದ್ದು ಸುಮ್ನೆ ಅಲ್ಲ ನೋಡಿ.

ನಾನಂತೂ ಈಗ ಜಾಸ್ತಿ ಬಾಳೆಹಣ್ಣು ತಿನ್ನುತ್ತೇನೆ. ಇಷ್ಟ ಅಂತಲ್ಲ, ಆ್ಯಪಿಗೆ ಸುಲಭವಾಗಿ ಗುರುತು ಸಿಗುತ್ತದೆ ಅಂತ.

ನಿನ್ನೆ ಮಧ್ಯಾಹ್ನ ಹೊಟ್ಟೆತುಂಬ ಉಂಡೆ. ಕೈ ತೊಳೆಯುವ ಗಡಿಬಿಡಿಯಲ್ಲಿ ಎರಡನೇ ಫೋಟೊ ಮರೆತುಹೋಯಿತು. ಸಂಜೆ ಹೊತ್ತಿಗೆ ಫೋನು ಟಿಂಗ್ ಅಂತು: "ನೀವು ಮಧ್ಯಾಹ್ನದ ಊಟ ಮಾಡಿಲ್ಲ. ಊಟ ತಪ್ಪಿಸಬೇಡಿ."

ಅಷ್ಟು ಕಾಳಜಿಯಿಂದ ಹೇಳಿದ ಮೇಲೆ ಮಾತು ಮೀರಬಾರದು ಅಂತ ಇನ್ನೊಂದು ಸಲ ಬಡಿಸಿಕೊಂಡೆ. ಈ ಸಲ ಹೆಬ್ಬೆರಳನ್ನು ಹುಷಾರಾಗಿ ಪಕ್ಕಕ್ಕೆ ಇಟ್ಟುಕೊಂಡೆ.